ಗುಂಡನಿಗೆ ವೀಕೆಂಡ್ ಇಲ್ಲ

ಬೆಳಿಗ್ಗೆ ಆರೂಕಾಲು. ಹೊರಗೆ 22 ಡಿಗ್ರಿ. ಫ್ಯಾರನ್‌ಹೈಟು ಸ್ವಾಮಿ, ಖುಷಿ ಪಡಬೇಡಿ, ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ಐದಾರು ಕೆಳಗೆ. ಇಂಥ ಹೊತ್ತಲ್ಲಿ ಜರ್ಸಿ ಸಿಟಿಯ ಜರ್ನಲ್ ಸ್ಕ್ವೇರ್ ಸುತ್ತಮುತ್ತ ಬೀದಿಯಲ್ಲಿ ಕಾಣಿಸೋರು ಪಾಥ್ ಟ್ರೇನ್ ಹಿಡಿಯೋಕೆ ಓಡ್ತಿರೋರು, ಇಲ್ಲಾ ನಮ್ಮಂಥೋರು. ನಮ್ಮಂಥೋರು ಅಂದ್ರೆ ಒಂದು ಕೈಯಲ್ಲಿ ನಾಯಿ, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ಏನಿದೆ ಅಂತ ಬಿಡಿಸಿ ಹೇಳೋಲ್ಲ, ನೀವು ಕಾಫಿ ಕುಡೀತಾ ಓದ್ತಾ ಇರಬಹುದು.

ನನ್ನ ನಾಯಿಯ ಹೆಸರು ಗುಂಡ. ಲ್ಯಾಬ್ರಡಾರ್ ಜೊತೆ ಇನ್ನೇನೋ ಒಂದು ಸೇರಿರೋ ಮಿಕ್ಸು. 2023ರ ನವೆಂಬರ್‌ನಲ್ಲಿ ಇಲ್ಲಿನ ಒಂದು ಶೆಲ್ಟರಿನಿಂದ ತಂದಾಗ ಅವನಿಗೆ ಮೂರು ವರ್ಷ, 71 ಪೌಂಡ್ ತೂಕ. ಇಲ್ಲಿಯವರ ಬಾಯಲ್ಲಿ 'ಗುಂಡ' ಅನ್ನೋದು 'ಗೂಂಡಾ' ಆಗುತ್ತೆ. ಒಂದ್ಸಲ ಪಾರ್ಕಿನಲ್ಲಿ ಒಬ್ಬರು ಹಿಂದಿ ಆಂಟಿ "ಅಯ್ಯೋ ಪಾಪ, ಇಷ್ಟು ಸಾಧು ನಾಯಿಗೆ ಯಾಕೆ ಆ ಹೆಸರು ಇಟ್ಟೆ?" ಅಂತ ಬೈದಿದ್ರು. ನಮ್ಮ ಕಡೆ ಗುಂಡ ಅಂದ್ರೆ ದುಂಡಗಿರೋನು ಅಂತ ವಿವರಿಸಿದೆ. ವಿವರಿಸಿದ್ದೇ ತಪ್ಪಾಯ್ತೋ ಏನೋ, ಒಂದೇ ವರ್ಷದಲ್ಲಿ ಅವನು ಹೆಸರಿಗೆ ತಕ್ಕ ಹಾಗೆ ಆಗಿಬಿಟ್ಟ.

ಆಗಿದ್ದು ಇಷ್ಟು. ತಂದ ಹೊಸದರಲ್ಲಿ ನಂಗೆ ಮನೆಯಿಂದಲೇ ಕೆಲಸ. ಮಧ್ಯೆ ಮಧ್ಯೆ ಬಿಲ್ಡ್ ಓಡುವಾಗೆಲ್ಲ ಅವನನ್ನ ಕೆಳಗೆ ಕರ್ಕೊಂಡು ಹೋಗಿ ಒಂದು ಸುತ್ತು ಹಾಕಿ ಬರ್ತಿದ್ದೆ. ಬಿಲ್ಡ್ ನಿಧಾನ ಇದ್ದಷ್ಟೂ ನಾಯಿಗೆ ಒಳ್ಳೇದು. 2024ರಲ್ಲಿ ಆಫೀಸಿನವರು ವಾರಕ್ಕೆ ನಾಲ್ಕು ದಿನ ಮ್ಯಾನ್‌ಹಟನ್ನಿಗೆ ಬನ್ನಿ ಅಂದ್ರು. ಬೆಳಿಗ್ಗೆ ಎಂಟಕ್ಕೆ ಹೊರಟ್ರೆ ವಾಪಸ್ ಬರೋದು ರಾತ್ರಿ ಏಳು. ಬೆಳಿಗ್ಗೆ ಐದು ನಿಮಿಷ, ರಾತ್ರಿ ಹತ್ತು ನಿಮಿಷ, ಬಿಲ್ಡಿಂಗ್ ಮೂಲೆಯ ಕಂಬದ ತನಕ ಹೋಗಿ ಬರೋದು. ಅಷ್ಟೇ ಅವನ ಪ್ರಪಂಚ. ಆ ಪಾಪಪ್ರಜ್ಞೆಗೆ ನಾನು ಕಂಡುಕೊಂಡ ಪರಿಹಾರ ಊಟ. ಮೊಸರನ್ನ, ಚಪಾತಿ ಚೂರು, ನ್ಯೂವಾರ್ಕ್ ಅವೆನ್ಯೂ ಇಂಡಿಯನ್ ಅಂಗಡಿಯಿಂದ ತಂದ ಪಾರ್ಲೆ-ಜಿ. (ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ: ಕೇಸರಿಬಾತ್, ಪಾಯಸ ಮಾತ್ರ ಕೊಡಬೇಡಿ. ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ. ಈರುಳ್ಳಿನೂ ಆಗಲ್ಲ.)

ಮೊದಲು ಬಾಗಿಲ ಚೌಕಟ್ಟಿನ ಮರ ಹೋಯ್ತು. ಆಮೇಲೆ ನನ್ನ ಒಂದು ಶೂ, ಸೋಫಾದ ಒಂದು ಮೂಲೆ. ಆಮೇಲೆ ಬಿಲ್ಡಿಂಗಿನವರಿಂದ ಪತ್ರ ಬಂತು, ಹಗಲೆಲ್ಲಾ ನಿಮ್ಮ ನಾಯಿ ಬೊಗಳುತ್ತೆ ಅಂತ ಪಕ್ಕದವರು ದೂರು ಕೊಟ್ಟಿದ್ದಾರೆ, ಇನ್ನೊಂದು ಸಲ ಆದ್ರೆ ನೋಡಿ ಅಂತ. ಪಕ್ಕದವರನ್ನ ಬೈದುಕೊಂಡೆ. ಅವರ ತಪ್ಪೇನೂ ಇರಲಿಲ್ಲ.

*

2025ರ ಜನವರಿಯಲ್ಲಿ ಡಾಕ್ಟರ ಹತ್ರ ಹೋದಾಗ ಗುಂಡ 92 ಪೌಂಡ್. ಡಾಕ್ಟರು ಅವನ ಪಕ್ಕೆ ಮುಟ್ಟಿ ನೋಡಿ, ನನ್ನ ಕೈ ಹಿಡ್ಕೊಂಡು ಒಂದು ಪಾಠ ಮಾಡಿದ್ರು. ನೀವೂ ಮಾಡಿ ನೋಡಬಹುದು. ನಿಮ್ಮ ಕೈಯನ್ನ ಚಾಚಿ, ಇನ್ನೊಂದು ಕೈಯ ಬೆರಳಿಂದ ಹಿಂಗೈ ಮೇಲೆ ಸವರಿ. ಬೆರಳಿನ ಮೂಳೆಗಳು ಸಿಗುತ್ತಲ್ಲ, ಒತ್ತದೇನೇ? ನಾಯಿಯ ಪಕ್ಕೆಲುಬು ಹಾಗೆ ಸಿಗಬೇಕು. ಈಗ ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ಸವರಿ. ಅಷ್ಟು ಎದ್ದು ಸಿಕ್ಕಿದ್ರೆ ನಾಯಿ ಬಡಕಲು. ಇನ್ನು ಅಂಗೈ ಕಡೆ ಸವರಿದ್ರೆ ಮೂಳೆ ಹುಡುಕಬೇಕು, ಗುಂಡ ಆ ಲೆಕ್ಕಕ್ಕೆ ಬಂದಿದ್ದ. ಇದಕ್ಕೆ ಒಂಬತ್ತು ಅಂಕದ ಒಂದು ಸ್ಕೋರ್ ಇದೆ. ನಾಲ್ಕೋ ಐದೋ ಇದ್ರೆ ಸರಿ. ಇವನು ಎಂಟು. ನನ್ನ ಇಂಜಿನಿಯರಿಂಗ್ ಜೀವನದಲ್ಲಿ ಒಂಬತ್ತಕ್ಕೆ ಎಂಟು ಬಂದು ಬೇಜಾರಾಗಿದ್ದು ಅದೇ ಮೊದಲು.

"ಸರಿ, ದಿನಾ ಓಡಿಸ್ತೀನಿ" ಅಂದೆ. "ಓಡಿಸಬೇಡ" ಅಂದ್ರು ಡಾಕ್ಟರು. ತೂಕ ಇಳಿಯೋದು ಮುಖ್ಯವಾಗಿ ಬಟ್ಟಲಿಂದ, ಕಾಲಿಂದ ಅಲ್ಲ ಅಂತ ಅವರ ವಾದ. ಮನೆಗೆ ಬಂದು ಓದಿದ್ರೆ ಅದು ನಿಜವೇ. ಪುರಿನಾ ಕಂಪನಿಯವರು 48 ಲ್ಯಾಬ್ರಡಾರ್ ಮರಿಗಳನ್ನ ಜೋಡಿ ಜೋಡಿ ಮಾಡಿ ಹದಿನಾಲ್ಕು ವರ್ಷ ನೋಡಿಕೊಂಡಿದ್ದರು. ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಊಟ, ಬೇರೆಲ್ಲಾ ಒಂದೇ. 2002ರಲ್ಲಿ ಫಲಿತಾಂಶ ಬಂತು. ಕಡಿಮೆ ತಿಂದ ಗುಂಪಿನ ಸರಾಸರಿ ಆಯಸ್ಸು 13 ವರ್ಷ, ಜಾಸ್ತಿ ತಿಂದದ್ದರದ್ದು 11.2. ಅಂದ್ರೆ ಹೆಚ್ಚೂಕಮ್ಮಿ ಎರಡು ವರ್ಷದ ವ್ಯತ್ಯಾಸ. ಹತ್ತು ಹನ್ನೆರಡು ವರ್ಷ ಬದುಕೋ ಪ್ರಾಣಿಗೆ ಎರಡು ವರ್ಷ ಎಷ್ಟಾಯ್ತು ನೋಡಿ. ಸಂದುನೋವಿನ ಕಾಟವೂ ಅವಕ್ಕೆ ತಡವಾಗಿ ಶುರುವಾಯ್ತಂತೆ.

ಇನ್ನೊಂದು ಮಜಾ ಇದೆ. ಲ್ಯಾಬ್ರಡಾರ್ ಹೊಟ್ಟೆಬಾಕ ಆಗಿರೋದು ಬರೀ ದುರಭ್ಯಾಸ ಅಲ್ಲ. 2016ರಲ್ಲಿ ಕೇಂಬ್ರಿಡ್ಜಿನವರು ಕಂಡುಹಿಡಿದ ಪ್ರಕಾರ, ಸುಮಾರು ಕಾಲು ಭಾಗ ಲ್ಯಾಬ್ರಡಾರ್‌ಗಳಲ್ಲಿ ಪಿ.ಓ.ಎಂ.ಸಿ. ಅನ್ನೋ ಜೀನಿನ ಒಂದು ತುಂಡೇ ಇಲ್ಲ, ಹಾಗಾಗಿ 'ಹೊಟ್ಟೆ ತುಂಬ್ತು' ಅನ್ನೋ ಸುದ್ದಿ ಮೆದುಳಿಗೆ ಸರಿಯಾಗಿ ಹೋಗೋದೇ ಇಲ್ಲ. 2024ರಲ್ಲಿ ಅದೇ ಗುಂಪು ಇನ್ನೊಂದು ಹೇಳ್ತು, ಈ ನಾಯಿಗಳು ಸುಮ್ಮನೆ ಕೂತಾಗ ಖರ್ಚು ಮಾಡೋ ಶಕ್ತಿಯೂ ಬೇರೆಯವಕ್ಕಿಂತ ಕಾಲು ಭಾಗ ಕಡಿಮೆ ಅಂತ. ಹಸಿವು ಜಾಸ್ತಿ, ಖರ್ಚು ಕಡಿಮೆ. ಕೋಡಿನಲ್ಲೇ ಬಗ್ ಇದೆ ಅಂದ ಹಾಗಾಯ್ತು. ಗುಂಡನಿಗೆ ಆ ಜೀನ್ ಇದೆಯೋ ಇಲ್ಲವೋ ಟೆಸ್ಟ್ ಮಾಡಿಸಿಲ್ಲ. ಪಾರ್ಲೆ-ಜಿ ಪ್ಯಾಕೆಟ್ ತೆರೆದ ಸದ್ದಿಗೆ ಅವನು ನಿದ್ದೆಯಿಂದೆದ್ದು ಬರೋದನ್ನ ನೋಡಿದ್ರೆ ಟೆಸ್ಟು ಬೇಕಾಗಿಲ್ಲ ಅನ್ಸುತ್ತೆ.

"ಹಂಗಾದ್ರೆ ನಡೆಸೋದು ಯಾಕೆ?" ಅಂತ ಕೇಳಿದ್ದಕ್ಕೆ ಡಾಕ್ಟರು ಕೊಟ್ಟ ಉತ್ತರ ಆ ಹೊತ್ತಿಗೆ ನಂಗೆ ಪೂರ್ತಿ ಹತ್ತಲಿಲ್ಲ. ಊಟ ಕಡಿಮೆ ಮಾಡಿ ಸುಮ್ಮನೆ ಮಲಗಿಸಿದ್ರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತೆ. ಮಂಡಿ, ಸೊಂಟ ಹಿಡಿದಿಡೋದೇ ಆ ಮಾಂಸಖಂಡ. ಅದಕ್ಕೆ ನಡಿಗೆ ಬೇಕು. ಆಮೇಲೆ ಬಾಗಿಲು ಕಡಿಯೋ ನಾಯಿಗೆ ಹಸಿವಲ್ಲ, ಬೇಜಾರು ಅಂದ್ರು. ದಿನಾ ಇಪ್ಪತ್ತು ನಿಮಿಷದಿಂದ ಶುರು ಮಾಡು, ವಾರಕ್ಕೆ ಐದೈದು ನಿಮಿಷ ಜಾಸ್ತಿ ಮಾಡ್ತಾ ಹೋಗು. 'ದಿನಾ' ಅನ್ನೋ ಪದವನ್ನ ಎರಡು ಸಲ ಒತ್ತಿ ಹೇಳಿದ್ರು.

ನಾನು ಕೇಳಿಸಿಕೊಂಡೆ, ಆದ್ರೆ ಮಾಡಿದ್ದು ಬೇರೆ. ವಾರವೆಲ್ಲಾ ಆಫೀಸು, ಸ್ಟ್ಯಾಂಡ್-ಅಪ್ಪು, ರಿಲೀಸು... ಶನಿವಾರ ಬಂತು ಅಂತ ಅವನನ್ನ ಕಾರಿಗೆ ಹಾಕ್ಕೊಂಡು ಲಿಬರ್ಟಿ ಸ್ಟೇಟ್ ಪಾರ್ಕಿಗೆ ಹೋದೆ. ಒಂದು ಕಡೆ ಸ್ವಾತಂತ್ರ್ಯ ದೇವಿ, ಎದುರಿಗೆ ಮ್ಯಾನ್‌ಹಟನ್ನು, ಅಂಥ ಜಾಗದಲ್ಲಿ ಮನುಷ್ಯನಿಗೇ ಓಡೋಣ ಅನ್ಸುತ್ತೆ. ಅಲ್ಲಿ ಆರಡಿಗಿಂತ ಉದ್ದದ ಲೀಶ್ ಹಾಕೋ ಹಾಗಿಲ್ಲ, ಹಾಗಾಗಿ ಅವನ ಜೊತೆ ನಾನೂ ಓಡಿದೆ. ಒಂದೂವರೆ ಗಂಟೆ. ಐದು ದಿನದ ಬಾಕಿ ಒಂದೇ ದಿನ ತೀರಿಸೋ ಹುಮ್ಮಸ್ಸು. ಗುಂಡನೂ ನಿಲ್ಲಲಿಲ್ಲ. ನಾಯಿಗಳದ್ದು ಅದೇ ಕಷ್ಟ, ಯಜಮಾನ ಓಡ್ತಿದ್ದಾನೆ ಅಂದ್ರೆ ನೋವು ತೋರಿಸದೇ ಓಡ್ತಾವೆ.

ಭಾನುವಾರ ಬೆಳಿಗ್ಗೆ ಅವನು ಏಳಲಿಲ್ಲ. ಹೆಸರು ಕರೆದೆ, ಬಾಲ ಅಲ್ಲಾಡಿಸಿದ. ಊಟದ ಬಟ್ಟಲು ತೋರಿಸಿದೆ, ಮುಂಗಾಲು ಊರಿ ಎದ್ದು ಹಿಂಗಾಲು ಎತ್ತಲಾರದೆ ಮತ್ತೆ ಕೂತ. 92 ಪೌಂಡ್ ನಾಯಿಯನ್ನ ಮೂರನೇ ಮಹಡಿಯಿಂದ ಹೊದಿಕೆಯಲ್ಲಿ ಸುತ್ತಿ ಇಳಿಸಿದ್ದು ನಾನು, ರೂಮ್‌ಮೇಟು ಇಬ್ಬರೂ ಸೇರಿ. ಪುಣ್ಯಕ್ಕೆ ಲಿಗಮೆಂಟ್ ಹರಿದಿರಲಿಲ್ಲ, ಉಳುಕು ಅಷ್ಟೇ. ಎರಡು ವಾರ ರೆಸ್ಟು. ಇಂಥ ತೂಕದಲ್ಲಿ ಮಂಡಿಯ ಲಿಗಮೆಂಟ್ ಹರಿದ್ರೆ ಆಪರೇಷನ್ನೇ ಆಗಬೇಕಾಗಬಹುದು, ಅದಕ್ಕೆ ಸಾವಿರಾರು ಡಾಲರ್ ಅಂತ ಗೊತ್ತಾಗಿ ನಂಗೆ ಬೆವರು ಬಂತು.

ಆ ರಾತ್ರಿ ಶೆಲ್ಟರಿನ ವೆಬ್‌ಸೈಟಿಗೆ ಹೋಗಿ ನಾಯಿ ವಾಪಸ್ ಕೊಡೋ ಫಾರಂ ತೆಗೆದೆ. ಇದನ್ನ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಹೆಸರು, ವಿಳಾಸ, ನಾಯಿಯ ವಯಸ್ಸು ಎಲ್ಲಾ ತುಂಬಿದೆ. 'ಕಾರಣ' ಅನ್ನೋ ಕಡೆ ಪಟ್ಟಿಯಲ್ಲಿ 'ಸಮಯವಿಲ್ಲ' ಅಂತಲೂ ಇತ್ತು, ಅದನ್ನ ಒತ್ತೋಕೆ ಹೋದೆ. ಅಷ್ಟರಲ್ಲಿ ಫೋನಿನ ಮೇಲೆ ವಾರದ ಸ್ಕ್ರೀನ್ ಟೈಮ್ ವರದಿ ಬಂದು ಕೂತ್ಕೊಳ್ತು. ದಿನಕ್ಕೆ ಸರಾಸರಿ 4 ಗಂಟೆ 12 ನಿಮಿಷ. ಭಾನುವಾರ ಬರೋ ವರದಿ ಅದು, ನಂಗೇನೂ ಬುದ್ಧಿ ಹೇಳೋಕೆ ಬಂದಿದ್ದಲ್ಲ. ಫಾರಂ ಮುಚ್ಚಿದೆ.

*

ನಮ್ಮ ಅಜ್ಜನ ಮನೆ ತೀರ್ಥಹಳ್ಳಿ ಕಡೆ. ಅಲ್ಲಿ ಕರಿಯ ಅಂತ ಒಂದು ಕಂತ್ರಿ ನಾಯಿ ಇತ್ತು. ಅದನ್ನ ಯಾರೂ 'ವಾಕಿಂಗ್' ಕರ್ಕೊಂಡು ಹೋಗಿದ್ದು ನೆನಪಿಲ್ಲ. ಅಜ್ಜ ತೋಟಕ್ಕೆ ಇಳಿದ್ರೆ ಅದೂ ಇಳೀತಿತ್ತು. ಮಂಗ ಬಂದ್ರೆ ಅಡಿಕೆ ಮರದ ಬುಡದಿಂದ ಬುಡಕ್ಕೆ ಓಡ್ತಿತ್ತು. ಮಂಗ ಮೇಲೆ, ಇದು ಕೆಳಗೆ, ಒಂದು ದಿನವೂ ಸಿಕ್ಕಿದ್ದಿಲ್ಲ, ಆದ್ರೂ ಡ್ಯೂಟಿ ಬಿಟ್ಟಿದ್ದಿಲ್ಲ. ಅಮ್ಮನಿಗೆ ಫೋನಲ್ಲಿ ಗುಂಡನ ಕಥೆ ಹೇಳಿದಾಗ ಅಮ್ಮ ಅಂದಿದ್ದು, "ಎಂತ ಮಾರಾಯ, ಕೆಲಸ ಇಲ್ದೇ ಇರೋ ನಾಯಿ ಬಾಗಿಲು ತಿನ್ದೇ ಇನ್ನೆಂತ ಮಾಡ್ತದೆ?"

ಕೆಲಸ! ಲ್ಯಾಬ್ರಡಾರ್ ಅಂದ್ರೆ ಮೂಲದಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೀನುಗಾರರ ನಾಯಿ. ಕೊರೆಯೋ ನೀರಿಗೆ ಹಾರಿ ಬಲೆ ಎಳೆಯೋದು, ತಪ್ಪಿಸಿಕೊಂಡ ಮೀನು ಹಿಡಿದು ತರೋದು ಅದರ ಉದ್ಯೋಗ. ಆಮೇಲೆ ಇಂಗ್ಲೆಂಡಿನ ಸಾಹುಕಾರರು ಬೇಟೆಯಲ್ಲಿ ಬಿದ್ದ ಹಕ್ಕಿ ಹೆಕ್ಕಿ ತರೋಕೆ ಸಾಕಿಕೊಂಡ್ರು. 1991ರಿಂದ 2021ರವರೆಗೆ ಅಮೆರಿಕದ ನಂಬರ್ ಒನ್ ನಾಯಿ ಅದೇ. 2022ರಲ್ಲಿ ಫ್ರೆಂಚ್ ಬುಲ್‌ಡಾಗ್ ಆ ಜಾಗ ಕಿತ್ಕೊಳ್ತು. ಅಪಾರ್ಟ್‌ಮೆಂಟಿಗೆ ಅದೇ ಸರಿ ಅಂತಾರೆ, ಆದ್ರೆ ಆ ಚಪ್ಪಟೆ ಮೂಗಿನವಕ್ಕೆ ಸೆಕೆಯಲ್ಲಿ ಉಸಿರೇ ಕಷ್ಟ, ಅವನ್ನ ಗುಂಡನ ಹಾಗೆ ನಡೆಸೋಕೆ ಹೋಗಬಾರದು. ಒಂದು ನಾಯಿಯ ಲೆಕ್ಕ ಇನ್ನೊಂದಕ್ಕೆ ಬರಲ್ಲ.

ಸೆಂಟ್ರಲ್ ಪಾರ್ಕಿನಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತು, ರಾತ್ರಿ ಒಂಬತ್ತರಿಂದ ಒಂದು, ಇಷ್ಟು ಹೊತ್ತು ಗೊತ್ತಾದ ಕೆಲವು ಕಡೆ ನಾಯಿಗಳನ್ನ ಲೀಶ್ ಬಿಚ್ಚಿ ಬಿಡಬಹುದು. ಗುಂಡನ ಕಾಲು ಸರಿಯಾದ ಮೇಲೆ ಒಂದು ಭಾನುವಾರ ಅವನನ್ನ ಅಲ್ಲಿಗೆ ಕರ್ಕೊಂಡು ಹೋದೆ. (ಪಾಥ್ ಟ್ರೇನಿನಲ್ಲಿ ಪೆಟ್ಟಿಗೆಯೊಳಗೆ ಹಿಡಿಸೋ ನಾಯಿಗಷ್ಟೇ ಪ್ರವೇಶ, ಗುಂಡನ್ನ ಯಾವ ಪೆಟ್ಟಿಗೆಗೆ ತುಂಬ್ಸೋದು? ಕಾರೇ ಗತಿ.) ಅಲ್ಲಿ 67ನೇ ಬೀದಿಯ ಹತ್ರ ಬಾಲ್ಟೋ ಅನ್ನೋ ನಾಯಿಯ ಕಂಚಿನ ಪ್ರತಿಮೆ ಇದೆ. ಮಕ್ಕಳು ಹತ್ತಿ ಹತ್ತಿ ಬೆನ್ನು ಬಂಗಾರದ ಬಣ್ಣ ಬಂದುಬಿಟ್ಟಿದೆ. 1925ರ ಚಳಿಗಾಲದಲ್ಲಿ ಅಲಾಸ್ಕಾದ ನೋಮ್ ಊರಿಗೆ ಗಂಟಲುಮಾರಿ ಬಂದಾಗ, ಔಷಧಿಯನ್ನ 674 ಮೈಲಿ ದೂರ ನಾಯಿಗಾಡಿಗಳ ಮೇಲೆ ಕೈಯಿಂದ ಕೈಗೆ ಸಾಗಿಸಿದ್ರು. ಕೊನೆಯ ಹಂತದ ಗಾಡಿಯ ಮುಂದಾಳು ಈ ಬಾಲ್ಟೋ. ಅದೇ ವರ್ಷ ಡಿಸೆಂಬರ್‌ನಲ್ಲಿ ಪ್ರತಿಮೆ ನಿಲ್ಲಿಸಿದ್ರು, ಬಾಲ್ಟೋನೇ ಎದುರು ನಿಂತು ನೋಡಿತ್ತು.

ಪ್ರತಿಮೆಯ ಕಥೆ ಎಲ್ಲರೂ ಹೇಳ್ತಾರೆ, ಅದರ ಮುಂದಿನದ್ದು ನಂಗೆ ಆಮೇಲೆ ಗೊತ್ತಾಯ್ತು. ಅಷ್ಟೆಲ್ಲಾ ಓಡಿದ ನಾಯಿಯನ್ನ, ಅದರ ಜೊತೆಯವನ್ನೂ ಸೇರಿಸಿ ಯಾರ್ಯಾರಿಗೋ ಮಾರಿ, ಕೊನೆಗೆ ಲಾಸ್ ಏಂಜಲಿಸಿನ ಒಂದು ಅಗ್ಗದ ಪ್ರದರ್ಶನದಲ್ಲಿ ಕಟ್ಟಿಹಾಕಿದ್ರು. ಕಾಸು ಕೊಟ್ಟವರು ಬಂದು ನೋಡಿ ಹೋಗೋದು. ಸೊರಗಿ ಕಾಯಿಲೆ ಬಿದ್ದಿದ್ದವನ್ನ ಕ್ಲೀವ್‌ಲ್ಯಾಂಡಿನ ಜನ 1927ರಲ್ಲಿ ಚಂದಾ ಎತ್ತಿ ಬಿಡಿಸಿಕೊಂಡು ಹೋದ್ರು. ಇದನ್ನ ಓದಿದ ರಾತ್ರಿ ಗುಂಡನ ಕಡೆ ನೋಡೋಕೆ ನಂಗೆ ಸ್ವಲ್ಪ ಕಷ್ಟ ಆಯ್ತು.

ನಾಯಿಗೆ ಸ್ಮಾರಕ ಅಂದ್ರೆ ಅಮೆರಿಕದವರ ಶೋಕಿ ಅಂತ ಮೂಗು ಮುರಿಯೋರಿಗೆ ಒಂದು ಮಾತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಇದಕ್ಕಿಂತ ಸಾವಿರ ವರ್ಷ ಹತ್ರತ್ರ ಹಿಂದೆಯೇ ಒಂದು ನಾಯಿಗೆ ಕಲ್ಲು ನಿಲ್ಲಿಸಿದ್ದಾರೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗ "ಏನು ಬೇಕು ಕೇಳು" ಅಂದ್ರೆ ಅವನು ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನ. ಆ ಕಾಳಿ ಬೆಟ್ಟದಲ್ಲಿ ಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತು ತಾನೂ ಸತ್ತಿತು. ಅದರ ನೆನಪಿಗೆ ದೇವಸ್ಥಾನದ ಎದುರು ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟು, ಪೂಜೆ ಮಾಡದೆ ಪೂಜಾರಿ ಉಣ್ಣಬಾರದು ಅಂತ ಬರೆಸಿದ್ರು. ಕ್ರಿ.ಶ. 950ರ ಆಸುಪಾಸಿನ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಕಾಲೇಜು ದಿನಗಳಲ್ಲಿ ಕಬ್ಬನ್ ಪಾರ್ಕಿಗೆ ಅಷ್ಟು ಸಲ ಹೋಗಿಯೂ ಆ ಗೇಟಿನೊಳಗೆ ಕಾಲಿಟ್ಟಿರಲಿಲ್ಲ ನಾನು, ಹೋದ ಸಲ ಊರಿಗೆ ಹೋದಾಗ ನೋಡಿ ಬಂದೆ.

*

ಗುಂಡನಿಗೆ ಹಂದಿ ತರೋಕಾಗಲ್ಲ. ಹಾಗಿದ್ರೆ ಅವನ ಕೆಲಸ ಏನು? ಉತ್ತರ ಸಿಕ್ಕಿದ್ದು ಮೂಗಿನಲ್ಲಿ.

ಶುರುವಿನಲ್ಲಿ ನಾನು ವಾಕಿಂಗ್ ಅಂದ್ರೆ ವಾಕಿಂಗೇ ಅಂತ ದರದರ ಎಳ್ಕೊಂಡು ಹೋಗ್ತಿದ್ದೆ. ಫೋನಿನಲ್ಲಿ ಹೆಜ್ಜೆ ಎಣಿಸಬೇಕಲ್ಲ! ಅವನು ಪ್ರತಿ ಕಂಬದ ಹತ್ರ ನಿಲ್ಲೋನು, ನಾನು ಎಳೆಯೋನು. ಮ್ಯಾನ್‌ಹಟನ್ನಿನ ಬರ್ನಾರ್ಡ್ ಕಾಲೇಜಿನಲ್ಲಿ ನಾಯಿಗಳ ಬುದ್ಧಿಯ ಬಗ್ಗೆಯೇ ಒಂದು ಲ್ಯಾಬ್ ಇಟ್ಟುಕೊಂಡಿರೋ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನೋರು, ಶಾರ್ಲೆಟ್ ಡುರಾಂಟನ್ ಅನ್ನೋರ ಜೊತೆ 2019ರಲ್ಲಿ ಪ್ರಕಟಿಸಿದ ಪ್ರಯೋಗ ಓದಿದ ಮೇಲೆ ಎಳೆಯೋದು ಬಿಟ್ಟೆ. ಕೆಲವು ನಾಯಿಗಳಿಗೆ ಎರಡು ವಾರ ಮೂಸಿ ಹುಡುಕೋ ಆಟ, ಇನ್ನು ಕೆಲವಕ್ಕೆ ಯಜಮಾನನ ಕಾಲಿಗಂಟಿ ನಡೆಯೋ ಅಭ್ಯಾಸ. ಒಂದು ಕಡೆ ಇಟ್ಟ ಬಟ್ಟಲಲ್ಲಿ ಯಾವಾಗ್ಲೂ ತಿಂಡಿ ಇರುತ್ತೆ, ಇನ್ನೊಂದು ಕಡೆಯದು ಖಾಲಿ ಅಂತ ಮೊದಲೇ ಕಲಿಸಿರ್ತಾರೆ. ಆಮೇಲೆ ಬಟ್ಟಲನ್ನ ಎರಡರ ಮಧ್ಯೆ ಇಟ್ರು. ಇದೆಯೋ ಇಲ್ವೋ ಅನ್ನೋ ಸಂಶಯದ ಜಾಗ. ಮೂಸೋ ಆಟ ಆಡಿದ ನಾಯಿಗಳು ಮೊದಲಿಗಿಂತ ಬೇಗ ಆ ಬಟ್ಟಲಿಗೆ ಬಂದ್ವು. ಇರಬಹುದು ಅನ್ನೋ ಆಸೆ ಅವಕ್ಕೆ ಜಾಸ್ತಿಯಾಗಿತ್ತು. ಕಾಲಿಗಂಟಿ ನಡೆದವುಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ಈಗ ನಮ್ಮ ವ್ಯವಸ್ಥೆ ಹೀಗಿದೆ. ಬೆಳಿಗ್ಗೆ ಆರೂಕಾಲಿಗೆ ನಲವತ್ತೈದು ನಿಮಿಷ, ಲಿಂಕನ್ ಪಾರ್ಕಿನ ತನಕ, ಅದರಲ್ಲಿ ಹದಿನೈದು ನಿಮಿಷ ಗುಂಡ ಎಲ್ಲಿಗೆ ಎಳೀತಾನೋ ಅಲ್ಲಿಗೆ. ರಾತ್ರಿ ಅರ್ಧ ಗಂಟೆ. ಕ್ರಾನ್ ಜಾಬ್ ಥರ, ಮಳೆ ಇರಲಿ ಹಿಮ ಇರಲಿ. ವಾರಕ್ಕೆರಡು ಮಧ್ಯಾಹ್ನ ನಾಯಿ ಓಡಾಡಿಸೋ ಹುಡುಗಿ ಬರ್ತಾಳೆ, ಅರ್ಧ ಗಂಟೆಗೆ 22 ಡಾಲರ್. ಅಮ್ಮ ರೂಪಾಯಿಗೆ ಬದಲಾಯಿಸಿ ನೋಡಿ, "ನಾಯಿ ತಿರುಗ್ಸೂಕೆ ಇಷ್ಟು ಕೊಡ್ತಾರಂದ್ರೆ ನಿನ್ನ ಇಂಜಿನಿಯರಿಂಗ್ ಯಾಕ್ ಬೇಕಿತ್ತಾ?" ಅಂದ್ರು. ನ್ಯೂಯಾರ್ಕಿನಲ್ಲಿ ಜಿಮ್ ಬಕ್ ಅನ್ನೋರು 1960ರ ದಶಕದಲ್ಲೇ ಇದನ್ನ ಉದ್ಯೋಗ ಮಾಡಿಕೊಂಡು ಹೆಸರಾಗಿದ್ರು ಅಂತ ಹೇಳಿದೆ. ಅಮ್ಮನಿಗೆ ಅದರಿಂದ ಸಮಾಧಾನ ಆದಂಗೆ ಕಾಣಲಿಲ್ಲ.

ಚಳಿಗಾಲದಲ್ಲಿ ಇಲ್ಲಿ ಹಿಮ ಕರಗಿಸೋಕೆ ಫುಟ್‌ಪಾತಿಗೆಲ್ಲಾ ಉಪ್ಪು ಎರಚ್ತಾರೆ, ಪಾದ ಸೀಳುತ್ತೆ. ಅವನು ನೆಕ್ಕೋದು ಬೇರೆ. ಮನೆಗೆ ಬಂದ ತಕ್ಷಣ ಬೆಚ್ಚಗಿನ ನೀರಲ್ಲಿ ನಾಲ್ಕೂ ಕಾಲು ತೊಳೀಬೇಕು. ಬೇಸಿಗೆಯಲ್ಲಿ ಡಾಂಬರಿನ ಮೇಲೆ ಹಿಂಗೈ ಇಟ್ಟು ಏಳು ಸೆಕೆಂಡ್ ತಡ್ಕೊಳ್ಳೋಕಾಗದಿದ್ರೆ ನಾಯಿಯನ್ನ ಅದರ ಮೇಲೆ ನಡೆಸೋದು ಬೇಡ. ನಾಯಿ ನಮ್ಮ ಹಾಗೆ ಮೈಯೆಲ್ಲಾ ಬೆವರಲ್ಲ, ಏದುಸಿರು ಬಿಟ್ಟೇ ತಂಪಾಗಬೇಕು. ಹುಲ್ಲಲ್ಲಿ ಹೊರಳಿ ಬಂದ್ರೆ ಉಣುಗು ನೋಡಬೇಕು. ಇಲ್ಲಿನ ಉಣುಗು ತರೋ ಲೈಮ್ ಕಾಯಿಲೆಗೆ ಪಕ್ಕದ ಕನೆಕ್ಟಿಕಟ್ಟಿನ ಲೈಮ್ ಊರಿನ ಹೆಸರು. ನಮ್ಮ ಕಡೆಯ ಉಣುಗು ತರೋ ಮಂಗನ ಕಾಯಿಲೆಗೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು. ಎಲ್ಲಿಗೆ ಹೋದರೂ ಈ ಉಣುಗು ಬಿಡೋ ಪೈಕಿ ಅಲ್ಲ.

ಬೊಗಳೋದು ಮೂರನೇ ವಾರಕ್ಕೇ ಕಡಿಮೆಯಾಯ್ತು. ಬೆಳಿಗ್ಗೆ ಸುತ್ತಿ ಬಂದು, ತಿಂದು, ನಾನು ಬಾಗಿಲು ಹಾಕ್ಕೊಳ್ಳೋ ಹೊತ್ತಿಗೆ ಅವನು ಮಲಗಿರ್ತಾನೆ. ಪಕ್ಕದವರು ಲಿಫ್ಟಿನಲ್ಲಿ ಸಿಕ್ಕಿ "ನಾಯಿ ಕೊಟ್ಟುಬಿಟ್ರಾ?" ಅಂತ ಕೇಳಿದ್ರು. ತೂಕ ಇಳಿಯೋಕೆ ಹತ್ತು ತಿಂಗಳು ಹಿಡೀತು, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಪಾರ್ಲೆ-ಜಿ ನಿಲ್ಲಿಸಿದ್ದರ ಪುಣ್ಯ ಅಂತ ನನ್ನ ಲೆಕ್ಕ. ಈಗ 76 ಪೌಂಡ್. ಎಡಗಾಲು ಚಳಿಗೆ ಇನ್ನೂ ಸ್ವಲ್ಪ ಹಿಡ್ಕೊಳ್ಳುತ್ತೆ. ಅದು ಆ ಶನಿವಾರದ ನನ್ನ ಹುಮ್ಮಸ್ಸಿನ ಬಾಕಿ, ಪೂರ್ತಿ ಹೋಗಲಿಕ್ಕಿಲ್ಲ ಅಂತಾರೆ ಡಾಕ್ಟರು.

ಅಮ್ಮನಿಗೂ ಶುಗರ್ ಇದೆ, ಅವರಿಗೂ ನಡೀರಿ ಅಂತ ಹೇಳಿದ್ದಾರೆ. ಚಳಿಗಾಲದಲ್ಲಿ ನನ್ನ ಆರೂವರೆ ಅವರ ಸಂಜೆ ಐದು ಗಂಟೆ. ಇಬ್ಬರೂ ಕಿವಿಗೆ ಫೋನ್ ಸಿಕ್ಕಿಸಿಕೊಂಡು ನಡೀತೀವಿ. ಇವತ್ತು ಬೆಳಿಗ್ಗೆ ಗುಂಡ ಒಂದು ಬೆಂಚಿನ ಕಾಲು ಮೂಸ್ತಾ ನಿಂತುಬಿಟ್ಟ. ಎರಡು ನಿಮಿಷ ಆದರೂ ಬರಲಿಲ್ಲ.

"ಯಾಕೋ, ಉಸಿರಾಟದ ಸದ್ದೇ ಇಲ್ಲ? ನಿಂತ್ಕಂಡ್ಯಾ?" ಅಂದ್ರು ಅಮ್ಮ.

"ಗುಂಡ ಏನೋ ಓದ್ತಾ ಇದಾನಮ್ಮ."

"ಓದ್ಲಿ ಬಿಡು. ನಾನೂ ಆ ಗಣಪತಿ ಕಟ್ಟೆ ಹತ್ರ ಒಂಚೂರು ಕೂತ್ಕಂತೀನಿ."